ಬೆಲ್ಟು ಕಿರುಚಿದರೆ ಕಿವಿಗೊಡಿ

ಧನುರ್ಮಾಸದ ಚಳಿ. ಕಪಿಲೆಯ ಮೇಲಿಂದ ಎದ್ದ ಮಂಜು ನಂಜನಗೂಡಿನ ಬೀದಿಗಳನ್ನೆಲ್ಲ ತುಂಬಿಕೊಂಡಿರುವ ಹೊತ್ತು. ಅಂಥ ಬೆಳಗಿನಲ್ಲಿ ನಮ್ಮ ಮನೆಯ ಮುಂದಿನಿಂದ ‘ಕೀಚ್, ಕೀಚ್, ಕೀಚ್’ ಎಂಬ ಸದ್ದು. ಎದುರು ಮನೆಯ ಅಜ್ಜಿ ರಂಗೋಲಿ ಬಿಡುತ್ತಲೇ, “ಮೇಷ್ಟ್ರ ಕಾರು ಎದ್ದಿತು, ಇನ್ನು ಬೀದಿಗೆಲ್ಲ ಬೆಳಗಾದ ಹಾಗೆ” ಎನ್ನುತ್ತಿದ್ದರು. ನಾನು ನಕ್ಕು ತಿ. ನರಸೀಪುರದ ಕಡೆಯ ನನ್ನ ಶಾಲೆಗೆ ಹೊರಟುಬಿಡುತ್ತಿದ್ದೆ. ಕೆಲವು ವರ್ಷಗಳ ಹಿಂದಿನ ಮಾತು ಇದು. ಆ ನಗು ಎಷ್ಟು ದುಬಾರಿಯಾಯಿತು ಎಂಬುದನ್ನು ಹೇಳುವುದಕ್ಕೇ ಈ ಲೇಖನ.

ಸದ್ದು ಬರುತ್ತಿದ್ದುದು ಬಾನೆಟ್ಟಿನ ಒಳಗಿನ ಬೆಲ್ಟಿನಿಂದ. ಮೊದಲು ಹೋದ ಗ್ಯಾರೇಜಿನಲ್ಲಿ ಒಬ್ಬ ಹುಡುಗ ಬಟ್ಟೆ ಸೋಪಿನ ತುಂಡೊಂದನ್ನು ತಂದು ಬೆಲ್ಟಿನ ಅಂಚಿಗೆ ಉಜ್ಜಿದ. ಸದ್ದು ಮಾಯ! “ಏನೂ ಆಗಲ್ಲ ಬುಡಿ ಸಾ” ಎಂದ. ನಾಲ್ಕು ದಿನಕ್ಕೆ ಸದ್ದು ಮತ್ತೆ ಹಾಜರ್. ಎರಡನೆಯ ಗ್ಯಾರೇಜಿನವರು ಬೆಲ್ಟನ್ನು ಬಿಗಿದರು. ಎಷ್ಟು ಬಿಗಿದರೆಂದರೆ, ಬೆರಳಿನಿಂದ ಮೀಟಿದರೆ ತಂಬೂರಿಯಂತೆ ನುಡಿಯುತ್ತಿತ್ತು. ಒಂದೂವರೆ ತಿಂಗಳು ಪೂರ್ಣ ಮೌನ. ನನಗೆ ಬಹಳ ಸಮಾಧಾನವಾಯಿತು.

ಒಂದು ರಾತ್ರಿ ನರಸೀಪುರದಲ್ಲಿರುವ ನಮ್ಮ ಮಾವನವರಿಗೆ ಎದೆ ಹಿಡಿದಂತಾಯಿತು. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಮೈಸೂರಿನ ಕಡೆ ಹೊರಟೆ. ವರುಣ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಮುಂದೆ ‘ಪಟ್’ ಎಂದಿತು. ಮೀಟರಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ದೀಪ ತಾನೇ, ನಾಳೆ ನೋಡೋಣ ಎಂದು ಓಡಿಸಿದೆ. ಎರಡು ಕಿಲೋಮೀಟರಿನಲ್ಲಿ ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ನಿಲ್ಲಿಸದೆ ವಿಧಿಯಿರಲಿಲ್ಲ. ಕತ್ತಲಲ್ಲಿ ಕೈ ಅಡ್ಡ ಹಿಡಿದು, ಯಾರೋ ಪುಣ್ಯಾತ್ಮರ ವ್ಯಾನಿನಲ್ಲಿ ಆಸ್ಪತ್ರೆ ತಲುಪುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದುಹೋಗಿತ್ತು. ಅದೃಷ್ಟಕ್ಕೆ ಅದು ಹೃದಯದ ತೊಂದರೆಯಾಗಿರಲಿಲ್ಲ. ಆಗಿದ್ದರೆ? ಎದೆನೋವು ಎಂದಾಗಲೇ 108ಕ್ಕೆ ಕರೆ ಮಾಡಬೇಕಿತ್ತು ಎಂಬುದು ಒಂದು ಪಾಠ. ಇನ್ನೊಂದು ಪಾಠ ಬೆಲ್ಟಿನದು.

ಮೂವತ್ತು ವರ್ಷ ಘರ್ಷಣೆಯ ಪಾಠ ಮಾಡಿದ ಬಿ.ಎಸ್ಸಿ., ಬಿ.ಎಡ್. ಮೇಷ್ಟ್ರು ನಾನು. ಘರ್ಷಣೆಯೇ ತಿಂಗಳುಗಟ್ಟಲೆ ಮನೆಯ ಬಾಗಿಲಲ್ಲಿ ಕೂಗಿ ಕರೆದರೂ ಏಕೆಂದು ಕೇಳಲಿಲ್ಲ!

ಆ ಬೆಲ್ಟಿಗೇನು ಕೆಲಸ?

ಕಾರಿನ ಬ್ಯಾಟರಿ ಎಂಜಿನ್ನನ್ನು ಎಬ್ಬಿಸುವುದಕ್ಕೆ ಮಾತ್ರ. ಎಂಜಿನ್ ಓಡತೊಡಗಿದ ಮೇಲೆ ದೀಪ, ಹಾರನ್ನು, ವೈಪರುಗಳಿಗೆ ಬೇಕಾದ ವಿದ್ಯುತ್ತನ್ನು ಕೊಡುವುದೂ, ಬ್ಯಾಟರಿಗೆ ಮತ್ತೆ ತುಂಬುವುದೂ ಆಲ್ಟರ್ನೇಟರ್. ಹಿಂದೆ ಈ ಜಾಗದಲ್ಲಿ ಡೈನಮೋ ಇರುತ್ತಿತ್ತು. ಎಂಜಿನ್ನಿನ ಕೆಳತುದಿಯಲ್ಲಿರುವ ದೊಡ್ಡ ಪುಲ್ಲಿಯಿಂದ ಆಲ್ಟರ್ನೇಟರಿನ ಚಿಕ್ಕ ಪುಲ್ಲಿಗೆ ತಿರುಗುವ ಶಕ್ತಿಯನ್ನು ಒಯ್ಯುವುದು ಈ ರಬ್ಬರ್ ಬೆಲ್ಟು. ಅಂಬಾಸಿಡರ್, ಮಾರುತಿ 800ರ ಕಾಲದ ಕಾರುಗಳಲ್ಲಿ ಇದೇ ಬೆಲ್ಟು ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪನ್ನೂ ತಿರುಗಿಸುತ್ತದೆ. ಆದ್ದರಿಂದ ಬೆಲ್ಟು ಹರಿದರೆ ವಿದ್ಯುತ್ತು ಮಾತ್ರವಲ್ಲ, ನೀರಿನ ಓಟವೂ ನಿಲ್ಲುತ್ತದೆ. ಅಂಥ ಕಾರಿನಲ್ಲಿ ಕೆಂಪು ದೀಪ ಹತ್ತಿದ ಕೂಡಲೇ ಬದಿಗೆ ನಿಲ್ಲಿಸಿ ನೋಡಬೇಕು.

ಬೆಲ್ಟಿನ ಮೇಲೆ ಬೀಳುವ ಭಾರ ಎಷ್ಟು? ವಿದ್ಯಾರ್ಥಿಗಳು ಪೆನ್ಸಿಲು ಹಿಡಿಯಿರಿ. ಆಲ್ಟರ್ನೇಟರ್ 14 ವೋಲ್ಟಿನಲ್ಲಿ 40 ಆಂಪಿಯರ್ ಕೊಡುತ್ತಿದೆ ಎಂದುಕೊಳ್ಳೋಣ. 14 × 40 = 560 ವ್ಯಾಟ್. ಒಳಗೆ ಆಗುವ ನಷ್ಟವನ್ನೂ ಸೇರಿಸಿದರೆ ಬೆಲ್ಟು ಸುಮಾರು 1000 ವ್ಯಾಟ್ ಒದಗಿಸಬೇಕು. ಅಡುಗೆಮನೆಯ ಮಿಕ್ಸಿಗೆ ಬೇಕಾದುದಕ್ಕಿಂತ ಇದು ಹೆಚ್ಚು. ಚಿಕ್ಕ ಪುಲ್ಲಿಯ ವ್ಯಾಸ 6 ಸೆಂಟಿಮೀಟರ್, ಅದು ನಿಮಿಷಕ್ಕೆ 1600 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ ಬೆಲ್ಟಿನ ವೇಗ ಸೆಕೆಂಡಿಗೆ ಸುಮಾರು 5 ಮೀಟರ್. ಸಾಮರ್ಥ್ಯವನ್ನು ವೇಗದಿಂದ ಭಾಗಿಸಿದರೆ ಬಲ: 1000 ÷ 5 = 200 ನ್ಯೂಟನ್. ಅಂದರೆ ಸುಮಾರು 20 ಕಿಲೋ ತೂಕದ ಎಳೆತ. ಎಂಜಿನ್ನಿನ ವೇಗ ಎರಡರಷ್ಟಾದರೆ ಅದೇ ಸಾಮರ್ಥ್ಯಕ್ಕೆ 100 ನ್ಯೂಟನ್ ಸಾಕು. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ, ಬ್ಯಾಟರಿಯೂ ಹಸಿದಿರುವಾಗ, ಸಡಿಲ ಬೆಲ್ಟು ಕಿರುಚುವುದು ಏಕೆಂದು ಈಗ ಗೊತ್ತಾಯಿತಲ್ಲ? ಆಗಲೇ ಅದಕ್ಕೆ ಹೊರೆ ಹೆಚ್ಚು.

ಕಿರುಚುವುದು ಏಕೆ?

ಸೀಮೆಸುಣ್ಣವನ್ನು ಕರಿಹಲಗೆಯ ಮೇಲೆ ನೆಟ್ಟಗೆ ಹಿಡಿದು ಎಳೆದರೆ ಮೈ ಜುಮ್ಮೆನ್ನುವಂತೆ ‘ಕಿರ್ರ್’ ಎನ್ನುತ್ತದೆ. ಒಂದು ವಸ್ತು ಇನ್ನೊಂದಕ್ಕೆ ಅಂಟಿ ನಿಂತಿರುವಾಗ ಇರುವ ಸ್ಥಾಯೀ ಘರ್ಷಣೆ ಹೆಚ್ಚು. ಜಾರತೊಡಗಿದ ಮೇಲಿನ ಜಾರು ಘರ್ಷಣೆ ಕಡಿಮೆ. ಸುಣ್ಣದ ಕಡ್ಡಿ ಹಲಗೆಯನ್ನು ಹಿಡಿಯುತ್ತದೆ, ಬಾಗುತ್ತದೆ, ತಡೆಯಲಾರದೆ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಹಿಡಿ–ಜಾರು, ಹಿಡಿ–ಜಾರು. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೀಗಾದರೆ ಅದೇ ಕಿರುಚು. ಕಡ್ಡಿಯನ್ನು ಮುರಿದು ಅರ್ಧ ಮಾಡಿ ಬರೆಯಿರಿ. ಸಾಮಾನ್ಯವಾಗಿ ಸದ್ದು ನಿಲ್ಲುತ್ತದೆ ಅಥವಾ ಬದಲಾಗುತ್ತದೆ. ನಡುಗುವ ಕಡ್ಡಿಯ ಉದ್ದ ಬದಲಾಯಿತಷ್ಟೆ.

ಈ ಹಿಡಿ–ಜಾರು ಆಟವನ್ನು ಸಂಗೀತವಾಗಿಸಿದವರು ನಮ್ಮ ನರಸೀಪುರದಲ್ಲೇ ಹುಟ್ಟಿದರು. ಪಿಟೀಲು ಚೌಡಯ್ಯನವರು 1895ರಲ್ಲಿ ಜನಿಸಿದ್ದು ಕಾವೇರಿ–ಕಪಿಲೆಯರ ಸಂಗಮದ ತಿರುಮಕೂಡಲಿನಲ್ಲಿ. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದ ಅವರು, ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಾದ ದೂರದವರೆಗೆ ಕೇಳಲೆಂದು 4 ತಂತಿಯ ಪಿಟೀಲನ್ನು 7 ತಂತಿಯದನ್ನಾಗಿ ಮಾಡಿಕೊಂಡರು. ಪಿಟೀಲಿನ ಕಮಾನಿಗೆ ರಾಳ ಉಜ್ಜುವುದನ್ನು ನೀವು ನೋಡಿರಬಹುದು. ಅದು ತಂತಿಯನ್ನು ಹಿಡಿಯಲು. ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ; ತಂತಿ ತಪ್ಪಿಸಿಕೊಂಡು ಹಿಂದಕ್ಕೆ ಜಾರುತ್ತದೆ; ಮತ್ತೆ ಸಿಕ್ಕಿಕೊಳ್ಳುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದನ್ನು ಕಂಡು ವಿವರಿಸಿದ. ನಮ್ಮ ಸಿ.ವಿ. ರಾಮನ್ ಅವರು ಕಮಾನಿನಿಂದ ನುಡಿಸುವ ತಂತಿಗಳ ಕಂಪನದ ಮೇಲೆ ದೊಡ್ಡ ಪ್ರಬಂಧವನ್ನೇ 1918ರಲ್ಲಿ ಪ್ರಕಟಿಸಿದರು. ಬೆಳಕಿನ ಕೆಲಸಕ್ಕೆ ನೊಬೆಲ್ ಬಂದದ್ದು ಆಮೇಲೆ, 1930ರಲ್ಲಿ.

ಚೌಡಯ್ಯನವರ ಕಮಾನಿನ ತುದಿಯಲ್ಲಿ ನಾದವಾದದ್ದೇ, ನನ್ನ ಕಾರಿನ ಪುಲ್ಲಿಯ ಅಂಚಿನಲ್ಲಿ ನರಳಾಟವಾಗಿತ್ತು.

ಎತ್ತಿನ ಹಗ್ಗದ ಗಣಿತ

ಜಾರದೆ ಇರಬೇಕಾದರೆ ಬೆಲ್ಟಿಗೆ ಹಿಡಿತ ಬೇಕು. ಕೊಬ್ಬಿದ ಎತ್ತನ್ನು ಬರಿಗೈಯಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ. ಅದರ ಹಗ್ಗವನ್ನು ಮರಕ್ಕೆ ಎರಡು ಸುತ್ತು ಸುತ್ತಿದರೆ ಹುಡುಗನೂ ನಿಲ್ಲಿಸಬಲ್ಲ. ಹಗ್ಗ ಮತ್ತು ಮರದ ನಡುವಿನ ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, ಒಂದು ಸುತ್ತಿಗೆ ಹಿಡಿತ ಸುಮಾರು 6.6 ಪಟ್ಟು, ಎರಡು ಸುತ್ತಿಗೆ 13 ಅಲ್ಲ, ಸುಮಾರು 43 ಪಟ್ಟು! 18ನೇ ಶತಮಾನದ ಗಣಿತಜ್ಞ ಆಯ್ಲರ್ ಹೆಸರಿನ ಸೂತ್ರ ಇದು. ಆದರೆ ಹುಡುಗ ತನ್ನ ತುದಿಯನ್ನು ಪೂರ್ತಿ ಬಿಟ್ಟರೆ ಎಷ್ಟು ಸುತ್ತಿದ್ದರೂ ಹಗ್ಗ ಜಾರುತ್ತದೆ. ಪಟ್ಟು ಎಷ್ಟೇ ಇರಲಿ, ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ. ಬೆಲ್ಟಿಗೆ ಒಂದಿಷ್ಟು ಬಿಗಿತ ಇರಲೇಬೇಕು ಎನ್ನುವುದು ಇದಕ್ಕೆ.

ಪುಲ್ಲಿಯ ಮೇಲೆ ಬೆಲ್ಟಿಗೆ ಎರಡು ಸುತ್ತು ಸಿಗುವುದಿಲ್ಲ. ಸುಮಾರು ಅರ್ಧ ಸುತ್ತು ಮಾತ್ರ. ಆ ಕೊರತೆಯನ್ನು ತುಂಬಲು ಬಂದದ್ದು ಬೆಣೆಯಾಕಾರದ ವಿ–ಬೆಲ್ಟು. ಅಮೆರಿಕದ ಜಾನ್ ಗೇಟ್ಸ್ 1917ರಲ್ಲಿ ಇದನ್ನು ರಬ್ಬರು ಮತ್ತು ಬಟ್ಟೆಯಿಂದ ರೂಪಿಸಿದ. ಪುಲ್ಲಿಯ ಓರೆ ಗೋಡೆಗಳ ನಡುವೆ ಬೆಲ್ಟು ಬೆಣೆಯಂತೆ ಸಿಕ್ಕಿಕೊಳ್ಳುವುದರಿಂದ ಹಿಡಿತ ಸುಮಾರು 3 ಪಟ್ಟು ಹೆಚ್ಚಿದ ಘರ್ಷಣೆಯಷ್ಟಾಗುತ್ತದೆ. ನೆನಪಿಡಿ, ಹಿಡಿಯುವುದು ಬೆಲ್ಟಿನ ಎರಡು ಪಕ್ಕಗಳು, ತಳವಲ್ಲ. ಸವೆದ ಬೆಲ್ಟು ಕೆಳಗಿಳಿದು ಪುಲ್ಲಿಯ ತಳ ಮುಟ್ಟಿದರೆ ಬೆಣೆ ಕೆಲಸ ಮಾಡುವುದಿಲ್ಲ. ಪುಲ್ಲಿಯ ತಳ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಅದೇ ಸಾಕ್ಷಿ. ಅಂಥ ಬೆಲ್ಟನ್ನು ಎಷ್ಟು ಬಿಗಿದರೂ ಫಲವಿಲ್ಲ.

ಮಿಲ್ಲಿನವರು ಹಿಡಿದ ದಾರ

ಹರಿದ ಬೆಲ್ಟಿನ ಜಾಗಕ್ಕೆ ಹೊಸದು ಹಾಕಿಸಿದೆ. ಅತಿಯಾಗಿ ಬಿಗಿದಿದ್ದರಿಂದ ಆಲ್ಟರ್ನೇಟರಿನ ಬೇರಿಂಗೂ ಹಾಳಾಗಿತ್ತು, ಅದನ್ನೂ ಬದಲಾಯಿಸಿದ್ದಾಯಿತು. ವಾರ ಕಳೆಯಿತು. ಮತ್ತೆ ‘ಕೀಚ್, ಕೀಚ್’!

ತರಗತಿಯಲ್ಲಿ ಈ ಕಥೆ ಹೇಳಿದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ನಮ್ಮ ರಾಗಿ ಮಿಲ್ಲಿನ ಬೆಲ್ಟೂ ಹಿಂಗೇ ಕೂಗ್ತಿತ್ತು. ನಮ್ಮಪ್ಪ ದಾರ ಹಿಡಿದು ನೋಡಿದ್ರು. ಗಾಲಿ ಓರೆ ಆಗಿತ್ತು” ಎಂದಳು.

ಅಂದೇ ಸಂಜೆ ಅವರ ಮಿಲ್ಲಿಗೆ ಹೋದೆ. ಆಕೆಯ ತಂದೆ ಬಲಗೈ ಮುಂದೆ ಚಾಚಿದರು. ಎರಡು ಬೆರಳುಗಳಿರಲಿಲ್ಲ. “ಓಡೋ ಬೆಲ್ಟಿಗೆ ರಾಳ ಹಾಕಕ್ಕೆ ಹೋಗಿದ್ದೆ ಮೇಷ್ಟ್ರೇ. ಆಗ ನನಗೆ ಹತ್ತೊಂಬತ್ತು ವರ್ಷ. ಆವತ್ತಿಂದ ಒಂದೇ ಮಾತು, ಮೊದಲು ನಿಲ್ಲಿಸು, ಆಮೇಲೆ ಮುಟ್ಟು” ಎಂದರು. ನಂತರ ನನ್ನ ಕಾರಿನ ಬಾನೆಟ್ಟು ಎತ್ತಿಸಿ, ಎಂಜಿನ್ ಆರಿಸಿ, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಕೆಳಗಿನ ಪುಲ್ಲಿಯ ಮುಖಕ್ಕೆ ದಾರವನ್ನು ಒತ್ತಿ ಆಲ್ಟರ್ನೇಟರಿನವರೆಗೆ ಬಿಗಿಯಾಗಿ ಎಳೆದು ಹಿಡಿದರು. ಬೆಲ್ಟಿನ ಅಂಚು ಉದ್ದಕ್ಕೂ ದಾರಕ್ಕೆ ಸಮದೂರದಲ್ಲಿರಬೇಕಿತ್ತು. ಆದರೆ ಮೇಲೆ ಹೋದಂತೆ ದಾರ ಮತ್ತು ಬೆಲ್ಟಿನ ನಡುವೆ ಸಂದು ಬೆಳೆಯುತ್ತಿತ್ತು. ಹಿಂದೆಂದೋ ಆಲ್ಟರ್ನೇಟರ್ ಬಿಚ್ಚಿ ಕೂರಿಸಿದವರು ಅದರ ಬೋಲ್ಟಿನ ದಪ್ಪ ವಾಷರ್ ಒಂದನ್ನು ಮರೆತಿದ್ದರು. ಬೆಲ್ಟು ಪ್ರತಿ ಸುತ್ತಿಗೂ ಓರೆಯಾಗಿ ಪುಲ್ಲಿಯ ಅಂಚಿಗೆ ಉಜ್ಜಿಕೊಂಡು ಇಳಿಯುತ್ತಿತ್ತು. ಸೋಪು, ಬಿಗಿತ, ಹೊಸ ಬೆಲ್ಟು ಎಲ್ಲವೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ರೋಗ ಇದ್ದದ್ದೇ ಬೇರೆ ಕಡೆ.

ವಾಷರಿನ ಬೆಲೆ ಕೆಲವೇ ರೂಪಾಯಿ. ಅದು ಬಿದ್ದ ಮೇಲೆ ಇಂದಿನವರೆಗೆ ಸದ್ದಿಲ್ಲ.

ಮನೆಯಲ್ಲೇ ನೋಡುವುದು ಹೇಗೆ?

ಮೊದಲು ಎಚ್ಚರಿಕೆ. ಈ ಕೆಲಸ ದೊಡ್ಡವರದು. ಮಕ್ಕಳು ನಾಲ್ಕು ಹೆಜ್ಜೆ ದೂರ ನಿಂತು ನೋಡಿ ಬರೆದುಕೊಳ್ಳಬೇಕು. ಸೀರೆಯ ಸೆರಗು, ದುಪಟ್ಟಾ, ಪಂಚೆ, ಸಡಿಲ ತೋಳು, ಬಿಚ್ಚಿದ ಜಡೆ, ಉಂಗುರ, ಕೈಗಡಿಯಾರ ಹತ್ತಿರ ಸುಳಿಯಬಾರದು. ಎಂಜಿನ್ ಓಡುವಾಗ ಬೆಲ್ಟಿನ ಬಳಿ ಕೈ, ಬಟ್ಟೆ, ಸ್ಪ್ಯಾನರ್ ಯಾವುದೂ ಬೇಡ. ಕೆಲವು ಕಾರುಗಳಲ್ಲಿ ರೇಡಿಯೇಟರಿನ ಫ್ಯಾನು ಎಂಜಿನ್ ಆರಿಸಿದ ಮೇಲೂ ತಾನಾಗಿ ತಿರುಗತೊಡಗುತ್ತದೆ. ಆದ್ದರಿಂದ ಎಂಜಿನ್ ತಣ್ಣಗಾಗುವವರೆಗೆ ಕಾಯಿರಿ.

ಒಂದು, ಕೇಳಿ. ಬಿಡಿಬಿಡಿಯಾಗಿ, ಲಯಬದ್ಧವಾಗಿ ‘ಕೀಚ್, ಕೀಚ್’ ಎಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂಬ ಅನುಮಾನ. ಎಡೆಬಿಡದ ‘ಕಿರ್ರ್‌ರ್’ ಎಂದರೆ, ಅದರಲ್ಲೂ ಹೆಡ್‌ಲೈಟ್ ಹಾಕಿದಾಗ ಅಥವಾ ಎಂಜಿನ್ನಿಗೆ ಜೋರು ಕೊಟ್ಟಾಗ ಹೆಚ್ಚಿದರೆ, ಬೆಲ್ಟು ಸಡಿಲ ಅಥವಾ ಸವೆದಿದೆ. ‘ಗರಗರ’ ಅಥವಾ ‘ಗುಂಯ್’ ಎಂದು ಕೊರೆಯುವಂತಿದ್ದರೆ ಬೇರಿಂಗಿನ ಕಡೆ ನೋಡಬೇಕು.

ಎರಡು, ನೀರಿನ ಪರೀಕ್ಷೆ. ಎಂಜಿನ್ ನಿಧಾನಕ್ಕೆ ಓಡುತ್ತಿರಲಿ. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಿಂದ, ದೂರ ನಿಂತು, ಬೆಲ್ಟಿನ ಒಳಮೈಗೆ ಮಾತ್ರ ಒಂದಿಷ್ಟು ನೀರು ಹೊಡೆಯಿರಿ. ಸದ್ದು ನಿಂತು ಸ್ವಲ್ಪ ಹೊತ್ತಿಗೆ ಮರಳಿದರೆ ಪುಲ್ಲಿಗಳ ಸಾಲು ತಪ್ಪಿದೆ. ಉಜ್ಜುವ ಅಂಚಿಗೆ ನೀರು ಎಣ್ಣೆಯಂತೆ ಕೆಲಸ ಮಾಡಿದೆ. ಸದ್ದು ಹೆಚ್ಚಿದರೆ ಬೆಲ್ಟು ಸಡಿಲ. ಇದ್ದ ಅಲ್ಪ ಹಿಡಿತವನ್ನೂ ನೀರು ಕಳೆದಿದೆ. ಏನೂ ಬದಲಾಗದಿದ್ದರೆ ಸದ್ದು ಬೆಲ್ಟಿನದಲ್ಲ. ಒಂದೇ ಚೊಂಬು ನೀರು ಮೂರು ರೋಗಗಳನ್ನು ಬೇರ್ಪಡಿಸುತ್ತದೆ. ಪ್ರಯೋಗ ಎಂದರೆ ಇದೇ ಅಲ್ಲವೆ?

ಮೂರು, ನೋಡಿ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿ, ಟಾರ್ಚು ಹಿಡಿಯಿರಿ. ಬೆಲ್ಟಿನಲ್ಲಿ ಬಿರುಕು, ನೂಲು ಕಿತ್ತ ಅಂಚು, ಗಾಜಿನಂಥ ಹೊಳಪು ಇದೆಯೆ? ಎಣ್ಣೆ ಅಥವಾ ರೇಡಿಯೇಟರ್ ನೀರು ಸೋರಿ ಬಿದ್ದಿದೆಯೆ? ಸೋರಿಕೆ ನಿಲ್ಲಿಸದೆ ಬೆಲ್ಟು ಬದಲಿಸಿದರೆ ಹೊಸದೂ ಹಾಳಾಗುತ್ತದೆ. ನಂತರ ದಾರ ಹಿಡಿದು ಸಾಲು ನೋಡಿ.

ನಾಲ್ಕು, ಒತ್ತಿ. ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗದ ಮಧ್ಯೆ ಹೆಬ್ಬೆರಳಿನಿಂದ ಒತ್ತಿದರೆ ಹಳೆಯ ಬಗೆಯ ವಿ–ಬೆಲ್ಟು 1 ಸೆಂಟಿಮೀಟರಿನ ಆಸುಪಾಸು ಬಗ್ಗಬೇಕು. ನಿಖರವಾದ ಅಳತೆ ಕಾರಿನ ಕೈಪಿಡಿಯಲ್ಲಿರುತ್ತದೆ, ಅದೇ ಪ್ರಮಾಣ.

ಐದು, ಅಳೆಯಿರಿ. ಶಾಲೆಯ ಪ್ರಯೋಗಾಲಯದಲ್ಲಿರುವಂಥ ಮಲ್ಟಿಮೀಟರ್ ಇದ್ದರೆ, ಎಂಜಿನ್ ನಿಂತಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುವಾಗ ಅದು 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ಆಲ್ಟರ್ನೇಟರಿಗೆ ತಿರುಗುವ ಶಕ್ತಿ ಸಾಲದು ಅಥವಾ ಅದರೊಳಗೇ ದೋಷವಿದೆ.

ಸರಿಪಡಿಸುವಾಗ

ಬೆಲ್ಟು ಚೆನ್ನಾಗಿದ್ದು ಕೇವಲ ಸಡಿಲವಾಗಿದ್ದರೆ ಹಳೆಯ ಕಾರುಗಳಲ್ಲಿ ಮನೆಯಲ್ಲೇ ಬಿಗಿಯಬಹುದು. ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ. ಆಲ್ಟರ್ನೇಟರಿನ ಹಿಂದಿನ ದಪ್ಪ ತಂತಿಯಲ್ಲಿ ಎಂಜಿನ್ ನಿಂತಾಗಲೂ ವಿದ್ಯುತ್ತಿರುತ್ತದೆ. ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ಆಲ್ಟರ್ನೇಟರ್ ತೂಗುವ ಬೋಲ್ಟನ್ನೂ, ಉದ್ದ ಸೀಳಿರುವ ಪಟ್ಟಿಯ ಬೋಲ್ಟನ್ನೂ ಸಡಿಲಿಸಿ. ಅದನ್ನು ಹೊರಕ್ಕೆ ನಿಧಾನವಾಗಿ ಮೀಟಿ, ಬಿಗಿತ ಸರಿಯಾದಾಗ ಬೋಲ್ಟುಗಳನ್ನು ಬಿಗಿದು, ಮತ್ತೊಮ್ಮೆ ಒತ್ತಿ ನೋಡಿ. ಹೊಸ ಬೆಲ್ಟು ಕೆಲವು ದಿನ ಓಡಿದ ಮೇಲೆ ಸ್ವಲ್ಪ ಹಿಗ್ಗುತ್ತದೆ. ಆಗ ಪುನಃ ನೋಡಬೇಕು. ಬೆಲ್ಟು ಬಿಚ್ಚಿದ್ದಾಗ ಪುಲ್ಲಿಗಳನ್ನು ಕೈಯಿಂದ ತಿರುಗಿಸಿ. ಗರಗರ ಎಂದರೆ, ಅಲುಗಾಡಿದರೆ ಬೇರಿಂಗ್ ಮುಗಿದಿದೆ.

ಬಿಗಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಹೆಚ್ಚುವರಿ ಎಳೆತವೆಲ್ಲ ಆಲ್ಟರ್ನೇಟರ್ ಮತ್ತು ನೀರಿನ ಪಂಪಿನ ಬೇರಿಂಗುಗಳ ಮೇಲೆ ಬೀಳುತ್ತದೆ. ಸೋಪು, ಮೇಣ, ಹರಳೆಣ್ಣೆ, ಎಂಜಿನ್ ಆಯಿಲ್, ರಾಳ ಯಾವುದನ್ನೂ ಬೆಲ್ಟಿಗೆ ಹಚ್ಚಬೇಡಿ.

ಈಚಿನ ಕಾರುಗಳಲ್ಲಿ ಉದ್ದುದ್ದ ಗೆರೆಗಳಿರುವ ಅಗಲವಾದ ಒಂದೇ ಬೆಲ್ಟು ಹಾವಿನಂತೆ ಹಲವು ಪುಲ್ಲಿಗಳನ್ನು ಸುತ್ತುತ್ತದೆ. ಹಲವು ಕಾರುಗಳಲ್ಲಿ ಬಿಗಿತವನ್ನು ಸ್ಪ್ರಿಂಗಿನ ತೋಳೊಂದು ತಾನೇ ಕಾಯುತ್ತದೆ. ಇದರ ಹೊಸ ಬಗೆಯ ರಬ್ಬರು ಬಿರುಕು ಬಿಡದೆಯೇ ಒಳಗೊಳಗೆ ಸವೆಯುವುದರಿಂದ ಕಣ್ಣಿಗೆ ಚೆನ್ನಾಗಿ ಕಂಡರೂ ಮುಗಿದಿರಬಹುದು. ಇಂಥ ಕಾರಿನಲ್ಲಿ ಕೇಳುವುದು, ನೋಡುವುದು, ಚಿಮುಕಿಸುವುದು ನಿಮ್ಮ ಕೆಲಸ. ಬಿಚ್ಚುವುದು ಮೆಕ್ಯಾನಿಕ್ ಕೆಲಸ. ಎಂಜಿನ್ನಿನ ಮುಚ್ಚಳದೊಳಗಿರುವ ಹಲ್ಲಿನ ಟೈಮಿಂಗ್ ಬೆಲ್ಟು ಬೇರೆಯೇ ವಸ್ತು. ಅದನ್ನು ಮನೆಯಲ್ಲಿ ಮುಟ್ಟಲೇಬೇಡಿ.

ಪಾಲಕರಿಗೊಂದು ಮಾತು

ಗ್ಯಾರೇಜಿಗೆ ಹೋದಾಗ “ಸದ್ದು ನಿಲ್ಲಿಸಿಕೊಡಿ” ಎನ್ನಬೇಡಿ. “ಸದ್ದು ಏಕೆ ಬರುತ್ತಿದೆ ನೋಡಿ” ಎನ್ನಿ. ನಾನು ಮೊದಲನೆಯದನ್ನು ಕೇಳಿದೆ. ಅವರು ಕೇಳಿದ್ದನ್ನೇ ಕೊಟ್ಟರು. ಮಕ್ಕಳ ವಿಷಯದಲ್ಲೂ ನಾವು ಇದನ್ನೇ ಮಾಡುತ್ತೇವೆ. ಗಣಿತದ ಹೊತ್ತಿಗೆ ಹೊಟ್ಟೆನೋವು ಎನ್ನುವ ಮಗುವನ್ನು ಗದರಿಸಿ ಸುಮ್ಮನಾಗಿಸುತ್ತೇವೆ. ಎಲ್ಲಿ ಉಜ್ಜುತ್ತಿದೆ ಎಂದು ದಾರ ಹಿಡಿದು ನೋಡುವುದಿಲ್ಲ.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂದು ನಮ್ಮ ಕಡೆಯ ನಂಬಿಕೆ. ನನ್ನ ಕಾರಿನಲ್ಲಿ ಕಾಣೆಯಾಗಿದ್ದ ವಾಷರಿನ ದಪ್ಪವೂ ಸುಮಾರು ಒಂದು ಗುಲಗಂಜಿಯಷ್ಟೇ. ಅದನ್ನು ಪತ್ತೆ ಮಾಡಿದ್ದು ಒಂದು ಮೊಳ ದಾರ ಮತ್ತು ಎಂಟನೆಯ ತರಗತಿಯ ಹುಡುಗಿಯ ಒಂದು ಮಾತು.

ಎದುರು ಮನೆಯ ಅಜ್ಜಿ ಮೊನ್ನೆ ಕೇಳಿದರು: “ಏನ್ ಮೇಷ್ಟ್ರೇ, ಕಾರು ಮಾರಿಬಿಟ್ರಾ? ಸದ್ದೇ ಇಲ್ಲ!”